ಬುಡ್ಡಿಗೆ ಕಟ್ಟಿದ ಕೆಂಪು ದಾರ

ನಮ್ಮ ನಾಬುಲ್ ಊರಿನಲ್ಲಿ ಹೂನೀರು ಇಳಿಸುವ ಹೆಂಗಸರು ಬೀದಿಗೆ ನಾಲ್ವರು ಸಿಗುತ್ತಾರೆ, ಆದರೆ ಮೊಂಜಿಯಾಳ ಹೂನೀರಿನ ಮಾತೇ ಬೇರೆ. ಅವಳ ಅನುಮಾನದ ಮಾತೂ ಬೇರೆಯೇ. ಬಾಗಿಲು ತಟ್ಟಿದವರು "ನಾನು" ಎಂದರೆ, "ಕಳ್ಳನೂ ನಾನು ಅಂತಲೇ ಅಂತಾನೆ, ಹೆಸರು ಹೇಳು" ಎಂದು ಒಳಗಿನಿಂದ ಕೂಗುವವಳು. ಮೀನು ಕೊಳ್ಳುವಾಗ ಕಿವಿರು ಬಿಡಿಸಿ ನೋಡಿ, ಮಾರುವವನ ಮುಖವನ್ನೂ ನೋಡಿ, ಎರಡರಲ್ಲಿ ಹಳಸಿದ್ದು ಯಾವುದೆಂದು ಯೋಚಿಸುವವಳು. ಯಾರಾದರೂ ಹೊಗಳಿದರೆ ಅವತ್ತಿಡೀ ಅವಳಿಗೆ ನೆಮ್ಮದಿಯಿಲ್ಲ, ಇವಳಿಗೆ ನನ್ನಿಂದ ಏನು ಬೇಕಾಗಿದೆ ಎಂದು ಹುಡುಕುತ್ತಲೇ ಇರುತ್ತಿದ್ದಳು. ಬೀದಿಯವರಾದ ನಾವು ಅದಕ್ಕೆ ಒಗ್ಗಿಹೋಗಿದ್ದೆವು.

ಹೂನೀರಿನ ಕೆಲಸವನ್ನು ಅವಳು ಅತ್ತೆಯಿಂದ ಕಲಿತಳು. ಕಹಿಕಿತ್ತಳೆ ಹೂ ಬಿಡುವುದು ವಸಂತದಲ್ಲಿ ಕೆಲವೇ ವಾರ. ಗಂಡ ಹೇದಿ ಬೆಳಿಗ್ಗೆ ಪೇಟೆಯಲ್ಲಿ ಹೂ ತೂಗಿಸಿ ತರುತ್ತಿದ್ದ. ಅದನ್ನು ಅಂಗಳದಲ್ಲಿ ಬಿಳಿ ದುಪ್ಪಟಿಯ ಮೇಲೆ ಹರಡಿ, ತಾಮ್ರದ ಹಂಡೆಗೆ ತುಂಬಿ, ಸಣ್ಣ ಉರಿಯಲ್ಲಿ ಕುದಿಸಿ, ಆವಿಯನ್ನು ಕೊಳವೆಯಲ್ಲಿ ತಣಿಸಿ ಬಾಟಲಿಗೆ ಇಳಿಸಬೇಕು. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಯಾವಾಗ ನಿಲ್ಲಿಸಬೇಕು ಎನ್ನುವುದೇ ಗುಟ್ಟು. ತಡ ಮಾಡಿದರೆ ಹೂವಿನ ಸಾರ ಮುಗಿದು ಬೆಂದ ಎಲೆಯ ನೀರು ಇಳಿಯುತ್ತದೆ, ಇಡೀ ಬಾಟಲಿ ಕೆಡುತ್ತದೆ. ಆ ಗಳಿಗೆಯನ್ನು ಗುರುತಿಸುವ ಬಗೆಯನ್ನು ಅತ್ತೆ ಸಾಯುವ ಮುಂಚೆ ಮೊಂಜಿಯಾಳ ಕಿವಿಯಲ್ಲಿ ಹೇಳಿದ್ದಳು. ಕಿರಿಸೊಸೆ ವಸೀಲಾಳಿಗೆ ಹೇಳಿರಲಿಲ್ಲ.

ವಸೀಲಾ ಹೇದಿಯ ತಮ್ಮನ ಹೆಂಡತಿ. ಗಂಡ ತೀರಿಹೋದ ಮೇಲೂ ಮಹಡಿಯ ಕೋಣೆಯಲ್ಲೇ ಉಳಿದಳು. ಇಪ್ಪತ್ತು ವರ್ಷ ಹೂ ಆರಿಸಿದಳು, ಬಾಟಲಿ ತೊಳೆದಳು, ಕಟ್ಟಿಗೆ ಒಡೆದಳು. ಹಂಡೆಯ ಹತ್ತಿರಕ್ಕೆ ಮಾತ್ರ ಮೊಂಜಿಯಾ ಅವಳನ್ನು ಬಿಟ್ಟುಕೊಳ್ಳಲಿಲ್ಲ. ಮುಟ್ಟಾದವಳು, ಗಾಯದಿಂದ ರಕ್ತ ಸೋರುವವಳು ಹತ್ತಿರ ಬಂದರೆ ಹೂನೀರು ಒಡೆಯುತ್ತದೆ ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ನಂಬಿಕೆ. ಮೊಂಜಿಯಾ ಅದನ್ನೇ ಹಿಡಿದುಕೊಂಡು, ಹಂಡೆ ನಿಲ್ಲಿಸುವ ಹೊತ್ತಿಗೆ ಸರಿಯಾಗಿ, "ವಸೀಲಾ, ನಿನ್ನ ದಿನ ಅಲ್ವೇನೇ ಇವತ್ತು? ಆಚೆ ನಿಂತ್ಕೋ" ಎನ್ನುತ್ತಿದ್ದಳು. ಒಬ್ಬ ಹೆಂಗಸು ಒಂದು ವಸಂತದಲ್ಲಿ ಎಷ್ಟು ಸಲ ಮುಟ್ಟಾದಾಳು! ವಸೀಲಾ ತುಟಿ ಕಚ್ಚಿಕೊಂಡು ಆಚೆ ಹೋಗಿ ನಿಲ್ಲುತ್ತಿದ್ದಳು.

ಆ ವರ್ಷ ಹೂ ಬಿಡುವ ಮುಂಚೆ ಮೊಂಜಿಯಾಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ರಾಜಧಾನಿಗೆ ಹೋದಳು, ಪರೀಕ್ಷೆ ಮಾಡಿಸಿದಳು, ಮೊಲೆ ತೆಗೆಸಿಕೊಂಡು ಬಂದಳು. ಆ ಕಾಯಿಲೆಯ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, "ಆ ಕೆಟ್ಟದ್ದು" ಎಂದು ದನಿ ತಗ್ಗಿಸುತ್ತೇವೆ. ಮೊಂಜಿಯಾ ಅಷ್ಟನ್ನೂ ಹೇಳದೆ, ಪಿತ್ತಕೋಶದ ಕಲ್ಲು ತೆಗೆಸಿದೆ ಎಂದು ಸಾರಿಬಿಟ್ಟಳು. ನಿಜ ಗೊತ್ತಿದ್ದದ್ದು ಹೇದಿಗೆ ಮತ್ತು ವಸೀಲಾಳಿಗೆ ಮಾತ್ರ. ಅವಳು ಇಳಿಸಿದ ನೀರು ಜನರ ಕಾಫಿಗೆ ಬೀಳುತ್ತದೆ, ಮದುವೆಯ ತಿಂಡಿಗೆ ಬೀಳುತ್ತದೆ, ಜ್ವರ ಬಂದ ಕೂಸಿನ ಹಣೆಗೆ ಬೀಳುತ್ತದೆ. ಮೈಯಿಂದ ರಕ್ತದ ನೀರು ಸೋರುವವಳ ಹೂನೀರನ್ನು ಯಾರು ಮನೆಗೊಯ್ದಾರು? ಒಂದು ವಸಂತ ಕೈತಪ್ಪಿದರೆ ಸಾಕು, ಹೆಸರು ಇನ್ನೊಬ್ಬಳ ಪಾಲಾಗುತ್ತದೆ. ಹೂ ಮುಗಿಯುವುದರೊಳಗೆ ಗಾಯದ ನೀರು ಇಳಿಯಲು ಡಾಕ್ಟರು ಹಾಕಿದ ನಳಿಕೆ ಕಳಚಬೇಕು, ಹಂಡೆಯ ಮುಂದೆ ತಾನೇ ನಿಲ್ಲಬೇಕು, ಅವಳಿಗೆ ಬೇಕಾಗಿದ್ದು ಅಷ್ಟೇ.

ಆ ನಳಿಕೆಯ ಜೊತೆ ಬಾಳುವುದೇನೂ ಹುಡುಗಾಟವಾಗಿರಲಿಲ್ಲ. ಕಂಕುಳ ಕೆಳಗೆ ಚರ್ಮಕ್ಕೆ ಹೊಲಿದ ಸಪೂರ ನಳಿಕೆ, ಅದರ ತುದಿಗೆ ಮೆತ್ತನೆಯ ಪ್ಲಾಸ್ಟಿಕ್ ಬುಡ್ಡಿ. ಬುಡ್ಡಿಯನ್ನು ಹಿಂಡಿ ಬಿರಡೆ ಹಾಕಿದರೆ ಅದು ಮೆಲ್ಲಗೆ ಉಬ್ಬಿಕೊಳ್ಳುತ್ತಾ ಗಾಯದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಮೊಂಜಿಯಾ ಅದನ್ನು ಒಳಂಗಿಗೆ ಪಿನ್ನು ಚುಚ್ಚಿ ತೂಗುಹಾಕಿ, ಮೇಲೆ ದೊಗಳೆ ನಿಲುವಂಗಿ ಹಾಕಿಕೊಳ್ಳುತ್ತಿದ್ದಳು. ಕೂತರೆ ಹೊಟ್ಟೆಗೆ ಒತ್ತುತ್ತದೆ, ಎದ್ದರೆ ತೊನೆಯುತ್ತದೆ. ಬಾಗಿಲ ಚಿಲಕಕ್ಕೆ ಒಮ್ಮೆ ಸಿಕ್ಕಿಕೊಂಡಾಗ ಅವಳಿಗೆ ಜೀವವೇ ಬಾಯಿಗೆ ಬಂದಿತ್ತು. ಸ್ನಾನಕ್ಕೆ ಹೋದರೆ ಅದನ್ನೆಲ್ಲಿ ಇಡುವುದು ಎಂದು ತಿಳಿಯದೆ ಕೊರಳಿಗೆ ರಿಬ್ಬನ್ನು ಕಟ್ಟಿ ನೇತುಹಾಕಿಕೊಂಡಳು. ಮೊದಮೊದಲು ಕೆಂಪಗಿದ್ದ ನೀರು ಆಮೇಲೆ ತಿಳಿಗೆಂಪಾಯಿತು. ಅವಳು ನೋಡುತ್ತಿರಲಿಲ್ಲ, ಮುಖ ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು.

ನೋಡುತ್ತಿದ್ದವಳು ವಸೀಲಾ. ಬೆಳಿಗ್ಗೆ ಎದ್ದು ಬಂದು ಕೈ ತೊಳೆದು, ನಳಿಕೆಯನ್ನು ಮೇಲಿನಿಂದ ಕೆಳಕ್ಕೆ ಎರಡು ಬೆರಳಲ್ಲಿ ನೀವಿ, ಬುಡ್ಡಿಯಲ್ಲಿರುವುದು ಎಷ್ಟನೇ ಗೀಟಿಗೆ ಬಂದಿದೆ ಎಂದು ನೋಡಿ, ಬರಿದುಮಾಡಿ, ಹಿಂಡಿ ಮುಚ್ಚಿ, ಆಸ್ಪತ್ರೆಯ ನರ್ಸಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಕೆಳಗಿನ ಗೀಟಿಗಿಂತ ಕಡಿಮೆಯಾಗಿ ಎರಡು ದಿನ ಹಾಗೇ ನಿಂತರೆ ಬನ್ನಿ, ತೆಗೆದುಬಿಡುತ್ತೇವೆ ಎಂದು ನರ್ಸು ಹೇಳಿದ್ದಳು.

ವಸೀಲಾ ಒಮ್ಮೆಯೂ ಮೂಗು ಮುರಿಯುತ್ತಿರಲಿಲ್ಲ. ಅದೇ ಮೊಂಜಿಯಾಳಿಗೆ ಸರಿಬರಲಿಲ್ಲ. ಇಪ್ಪತ್ತು ವರ್ಷ ನನ್ನ ಬಾಯಿಗೆ ಸಿಕ್ಕವಳು ಇಷ್ಟು ಮೆತ್ತಗೆ ಯಾಕೆ ಮುಟ್ಟುತ್ತಾಳೆ? ಹಂಡೆ ಬೇಕು ಅವಳಿಗೆ, ಮತ್ತೇನು?

ಹೊರಗಿನವರದೂ ಅದೇ ಕಥೆ. ಬೀದಿಯ ಹಿರಿಯಳು, ನಾವೆಲ್ಲ ಗೌರವದಿಂದ ಲೆಲ್ಲಾ ಎಂದು ಕರೆಯುವ ಶಾಡ್ಲಿಯಾ, ಮೊಮ್ಮಗಳ ಮದುವೆಗೆ ಪ್ರತಿ ಸಲದಂತೆ ಇಲ್ಲೇ ಹೂನೀರು ಬೇಕೆಂದು ಹೇಳಲು ಬಂದವಳು, ಬಾದಾಮಿ ಹಾಕಿದ ಚಹಾ ಕುಡಿಯುತ್ತಾ ಕಣ್ಣನ್ನು ಮೊಂಜಿಯಾಳ ನಿಲುವಂಗಿಯ ಮೇಲೆಲ್ಲ ಓಡಿಸಿದಳು.

"ನಮ್ಮ ಅಳಿಯಂದೂ ಪಿತ್ತಕೋಶ ತೆಗೆದ್ರಮ್ಮ. ಅವನಿಗೆ ಬಲಗಡೆ ಇತ್ತು. ನೀನು ಎಡಗೈ ಒತ್ತಿ ಹಿಡ್ಕೊಂಡಿದ್ದೀಯ?"

"ಸೂಜಿ ಚುಚ್ಚಿದ ಕೈ ಅದು, ಲೆಲ್ಲಾ."

"ಇರಬಹುದು, ಇರಬಹುದು. ಡಾಕ್ಟರುಗಳು ಎಲ್ಲೆಲ್ಲಿ ಬೇಕಾದ್ರೂ ಚುಚ್ತಾರೆ. ಈ ಸಲ ನೀನೇ ಇಳಿಸ್ತೀಯ ತಾನೆ? ಬೇರೆ ಕೈಯಿಂದಾದ್ರೆ ನನಗೆ ಬೇಡ."

"ನಾನಲ್ದೆ ಇನ್ಯಾರು?"

ಶಾಡ್ಲಿಯಾ ಹೋದ ಮೇಲೆ ಮೊಂಜಿಯಾ ಮಹಡಿಯ ಮೆಟ್ಟಿಲ ಕಡೆ ನೋಡಿದಳು. ವಸೀಲಾಳೇ ಬಾಯಿಬಿಟ್ಟಿರಬೇಕು, ಅದೂ ಉಪ್ಪು ಖಾರ ಹಚ್ಚಿ.

ಹೇದಿಯದು ಇನ್ನೊಂದು ಬಗೆ. ಆಸ್ಪತ್ರೆಯಿಂದ ಬಂದ ದಿನವೇ ತನ್ನ ಹಾಸಿಗೆ ಸುತ್ತಿಕೊಂಡು ಹೂ ಇಡುವ ಕೋಣೆಗೆ ಹೋದ. ಹೆಂಡತಿಯ ಮುಖ ನೋಡಿ ಮಾತಾಡುವುದನ್ನೂ ಬಿಟ್ಟ. "ಏನಾದ್ರೂ ಬೇಕಾ?" ಎಂದು ಬಾಗಿಲಲ್ಲಿ ನಿಂತು ಕೇಳುವುದು, "ಏನೂ ಬೇಡ" ಎಂದರೆ ಬದುಕಿದೆಯಾ ಬಡಜೀವವೇ ಎಂಬಂತೆ ಹೊರಟುಬಿಡುವುದು. ಅಸಹ್ಯ ಬಂದಿದೆ ಎಂದು ಮೊಂಜಿಯಾ ತೀರ್ಮಾನ ಮಾಡಿದಳು. ಅವಳಿಗೆ ತುಂಬ ನೋವಾಯಿತು, ಆದರೆ ಅದನ್ನು ಕೇಳುವುದಕ್ಕಿಂತ ಸಾಯುವುದು ಲೇಸು ಎನ್ನುವ ಜಾತಿ ಅವಳದು.

ಅಷ್ಟರಲ್ಲಿ ಬುಡ್ಡಿಯ ನೀರು ಇಳಿಯತೊಡಗಿತು. ವಸೀಲಾ ಹೇಳುವ ಗೀಟು ದಿನದಿಂದ ದಿನಕ್ಕೆ ಕೆಳಗೆ ಬಂತು. ಖುಷಿಪಡಬೇಕಾದ ಮೊಂಜಿಯಾ ಕಂಕುಳನ್ನು ಮುಟ್ಟಿ ನೋಡಿಕೊಂಡಳು. ಅಲ್ಲಿ ಮೆತ್ತನೆಯ ಬಾವು ಎದ್ದಿತ್ತು, ಅದೂ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಹೊರಗೆ ಇಳಿಯುತ್ತಿದೆ, ಒಳಗೆ ಏರುತ್ತಿದೆ, ಇದೆಂಥ ಲೆಕ್ಕ?

ಉಗ್ರಾಣದ ಹೂನೀರನ್ನು ಯಾರಾದರೂ ಕದ್ದಾರೆಂಬ ಗುಮಾನಿ ಬಂದಾಗ ನಮ್ಮ ಹೆಂಗಸರು ಬಾಟಲಿಯಲ್ಲಿ ನೀರಿರುವ ಮಟ್ಟಕ್ಕೆ ದಾರ ಕಟ್ಟಿಡುತ್ತಾರೆ. ಮೊಂಜಿಯಾ ಅದನ್ನೇ ತನ್ನ ಮೈಗೆ ಅಂಟಿದ ಬುಡ್ಡಿಗೂ ಮಾಡಿದಳು. ಮಧ್ಯಾಹ್ನ ಊಟವಾದ ಮೇಲೆ, ಮೊದಲ ಸಲ ಅದನ್ನು ಕಣ್ಣಿಟ್ಟು ನೋಡಿ, ನೀರಿನ ಮಟ್ಟಕ್ಕೆ ಕೆಂಪು ದಾರ ಸುತ್ತಿ, ಜಾರದಂತೆ ಪಟ್ಟಿ ಅಂಟಿಸಿ, ಮಾತ್ರೆ ನುಂಗಿ ಮಲಗಿದಳು. ಎಚ್ಚರವಾದಾಗ ವಸೀಲಾ ಕಾಫಿ ಹಿಡಿದು ಮಂಚದ ಪಕ್ಕ ನಿಂತಿದ್ದಳು. ಮೊಂಜಿಯಾ ನಿಲುವಂಗಿ ಸರಿಸಿದಳು. ನೀರು ದಾರಕ್ಕಿಂತ ಎಷ್ಟೋ ಕೆಳಗಿತ್ತು.

"ಸೋರೋ ನೀರು ಹೆಚ್ಚಾಗ್ಬೇಕು, ಕಮ್ಮಿ ಹೇಗಾಯ್ತೇ?"

"ಏನು?"

"ನೋಡು, ದಾರ ನೋಡು. ನಾನು ಮಲಗಿದ್ದಾಗ ತೆಗೆದುಹಾಕಿ, ಬೆಳಿಗ್ಗೆ ನರ್ಸಿಗೆ ಕಮ್ಮಿ ಅಂತ ಹೇಳೋದು. ಅವರು ನಳಿಕೆ ಬೇಗ ಕಿತ್ತುಹಾಕ್ಬೇಕು, ಒಳಗೆ ಕೊಳೀಬೇಕು, ನಾನು ಹಾಸಿಗೆ ಹಿಡೀಬೇಕು, ಹಂಡೆ ನಿನ್ನದಾಗ್ಬೇಕು. ಅಲ್ವಾ?"

ವಸೀಲಾ ಕಾಫಿ ಲೋಟವನ್ನು ಕೆಳಗಿಟ್ಟಳು.

"ನಿನ್ನ ಗಾಯದ ನೀರು ಕದ್ದು ನಾನೇನು ಮಾಡ್ಲಿ? ಪೇಟೇಲಿ ಮಾರ್ಲಾ? ಕೊರಳಿಗೆ ಸರ ಮಾಡಿಸ್ಕೊಳ್ಲಾ?"

"ಹಂಡೆ ಬೇಡ್ವಾ ನಿನಗೆ? ದೇವರಾಣೆ ಹೇಳು."

"ಬೇಕು!" ವಸೀಲಾ ಕೂಗಿದಳು. "ಇಪ್ಪತ್ತು ವರ್ಷದಿಂದ ಬೇಕು, ಕೇಳ್ಕೋ! ಆದ್ರೆ ನಿನ್ನ ಕೈಯಿಂದ ಬೇಕಿತ್ತು, ನಿನ್ನ ಹೆಣದ ಮೇಲಿಂದಲ್ಲ. ನಾಳೆಯಿಂದ ನಿನ್ನ ಬುಡ್ಡಿ ನೀನೇ ತೊಳ್ಕೋ."

ಅವಳು ಮೆಟ್ಟಿಲು ಹತ್ತಿದ ಸದ್ದು ನಮ್ಮ ಅಂಗಳಕ್ಕೂ ಕೇಳಿಸಿತು. ಮೊಂಜಿಯಾ ಅಂದುಕೊಂಡಳು: ನೋಡಿದೆಯಾ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು. ಆದರೂ "ಬೇಕು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಕಳ್ಳಿಯನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಮರುದಿನ ವಸೀಲಾ ಇಳಿದು ಬರಲಿಲ್ಲ. ಮೊಂಜಿಯಾ ತಾನೇ ತಡವರಿಸಿಕೊಂಡು ಬುಡ್ಡಿ ಬರಿದುಮಾಡಿದಳು. ಮಧ್ಯಾಹ್ನ ಮತ್ತೆ ದಾರ ಕಟ್ಟಿ, ಮಾತ್ರೆಯನ್ನು ನುಂಗದೆ ದಿಂಬಿನಡಿ ಇಟ್ಟು, ಕಣ್ಣು ಮುಚ್ಚಿ ಮಲಗಿದಳು. ಹಿಡಿದೇ ಹಿಡಿಯುತ್ತೇನೆ, ಜುಟ್ಟು ಹಿಡಿದು ಬೀದಿಗೆ ಎಳೆಯುತ್ತೇನೆ ಎಂದುಕೊಂಡಿದ್ದಳು. ಬೀದಿಯೆಲ್ಲ ಮಲಗಿದ ಹೊತ್ತಿಗೆ ಬಾಗಿಲು ಮೆಲ್ಲಗೆ ಸರಿಯಿತು. ರೆಪ್ಪೆಯ ಸಂದಿಯಲ್ಲಿ ನೋಡಿದರೆ, ಬಂದವನು ಹೇದಿ.

ಹೂ ತೂಗುವಾಗ ಹಾಕುವ ಕನ್ನಡಕ ಹಾಕಿಕೊಂಡಿದ್ದ, ಕೈಯಲ್ಲಿ ಒಂದು ಕಾಫಿ ಲೋಟ. ಮಂಚದ ಪಕ್ಕ ಮೊಣಕಾಲೂರಿ, ನಿಲುವಂಗಿಯನ್ನು ಎರಡೇ ಬೆರಳಲ್ಲಿ ಎತ್ತಿ, ಬಿರಡೆ ತೆಗೆದು ಬುಡ್ಡಿಯನ್ನು ಲೋಟಕ್ಕೆ ಬಗ್ಗಿಸಿದ. ಬೇಕಾದಷ್ಟು ಬಿದ್ದ ಮೇಲೆ ಬಿರಡೆಯನ್ನು ಹಾಗೆಯೇ ಒತ್ತಿದ. ಹಿಂಡಲೇ ಇಲ್ಲ.

"ಏನ್ ಮಾಡ್ತಿದ್ದೀಯಾ?"

ಲೋಟ ತುಳುಕಿ ಅವನ ಅಂಗಿಯ ಮೇಲೆ ಚೆಲ್ಲಿತು. ಅರವತ್ತು ದಾಟಿದ ಮನುಷ್ಯ ಬೆಲ್ಲ ಕದ್ದು ಸಿಕ್ಕಿಬಿದ್ದವನ ಹಾಗೆ ನಿಂತ.

"ಕಮ್ಮಿ ಮಾಡ್ತಿದ್ದೆ."

"ಏನನ್ನ?"

"ಇದನ್ನೇ. ಗೀಟಿಗಿಂತ ಕೆಳಗೆ ಬಂದ್ರೆ ತೆಗೀತಾರಂತಲ್ಲ. ಅದಕ್ಕೇ ದಿನಾ ಸ್ವಲ್ಪ ಸ್ವಲ್ಪ... ಪೇಟೇಲಿ ಹೆಂಗಸರು ಹೂವಿಗೆ ನೀರು ಚಿಮುಕಿಸಿ ತೂಕ ಏರಿಸಲ್ವಾ? ಏರಿಸೋಕೆ ಬರುತ್ತೆ ಅಂದ್ಮೇಲೆ ಇಳಿಸೋಕೂ ಬರುತ್ತೆ ಅಂತ."

ಮೊಂಜಿಯಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಯ್ಯೋ ನನ್ನ ಕರ್ಮವೇ! ತಕ್ಕಡಿ ಒತ್ತಿ ಹಿಡಿದ್ರೆ ಕುರಿ ದಪ್ಪ ಆಗುತ್ತೇನೋ? ಹಿಂಡದೆ ಮುಚ್ಚಿದ್ರೆ ಇದು ಎಳ್ಕೊಳ್ಳಲ್ಲ, ಎಲ್ಲ ಒಳಗೇ ನಿಂತಿದೆ. ನೋಡು, ಬಾವು ನೋಡು!" ಎಂದಳು. ಮರುಗಳಿಗೆಯೇ ಹಳೆಯ ಬುದ್ಧಿ ಹೆಡೆಯೆತ್ತಿತು. "ಯಾಕೆ ಇಷ್ಟು ಅವಸರ? ಹೂವು ಹಾಳಾಗುತ್ತೆ ಅಂತಾನಾ? ಹಂಡೆ ಮುಂದೆ ನಿಲ್ಲೋಕೆ ಆಳಿಲ್ಲ ಅಂತಾನಾ?"

ಹೇದಿ ಲೋಟದೊಳಗೆ ನೋಡುತ್ತಾ ಹೇಳಿದ: "ನಾನು ನಿದ್ದೇಲಿ ಒದ್ದಾಡ್ತೀನಿ ಅಂತ ನೀನೇ ಆ ನರ್ಸಿಗೆ ಹೇಳಿದ್ದಲ್ಲ. ನಳಿಕೆ ಇರೋವರೆಗೂ ಪಕ್ಕದಲ್ಲಿ ಮಲಗಬೇಡಿ, ಎಳೆದುಬಿಟ್ಟೀರಿ ಅಂದ್ಲು. ಆ ಕೋಣೇಲಿ ನನಗೆ ನಿದ್ದೆ ಬರಲ್ಲ, ಮೊಂಜಿಯಾ. ಇದು ಹೋದ್ರೆ ಇಲ್ಲಿಗೆ ಬರಬಹುದು ಅಂತ."

ಮೊಂಜಿಯಾ ಮೀನಿನ ಕಿವಿರು ನೋಡುವಷ್ಟು ಹೊತ್ತು ಅವನ ಮುಖವನ್ನು ನೋಡಿದಳು. ಹಳಸಿದ್ದೇನೂ ಕಾಣಲಿಲ್ಲ. ಆಗ ಅತ್ತಳು, ಆಸ್ಪತ್ರೆಯಲ್ಲೂ ಅಳದವಳು, ಮುಖ ಮುಚ್ಚಿಕೊಳ್ಳದೆ ಅತ್ತಳು.

ನರ್ಸಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ಹೇದಿಗೆ ಸರಿಯಾಗಿ ಮಂಗಳಾರತಿಯಾಯಿತು. ಮರುದಿನ ರಾಜಧಾನಿಗೆ ಹೋಗಿ ಡಾಕ್ಟರಿಗೆ ತೋರಿಸಿದರು. ಬಾವು ಇಳಿಯುವವರೆಗೂ ನಳಿಕೆ ಇರಲೇಬೇಕು, ಕೈ ಎತ್ತುವ ಕೆಲಸ ಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅಂದರೆ ಈ ವಸಂತ ಮುಗಿದ ಹಾಗೆಯೇ. ಅಂಗಳದಲ್ಲಿ ಮೊಮ್ಮಗಳ ಮದುವೆಗೆಂದು ಶಾಡ್ಲಿಯಾ ಕಳಿಸಿದ ಹೂ ದುಪ್ಪಟಿಯ ಮೇಲೆ ಬಿದ್ದಿತ್ತು, ಇನ್ನೊಂದು ದಿನ ಕಳೆದರೆ ಕಂದಿಹೋಗುತ್ತದೆ. ಮೊಂಜಿಯಾ ಬುಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು.

ವಸೀಲಾ ಬಾಗಿಲು ತೆರೆದು ಅಡ್ಡ ನಿಂತಳು. "ಏನು, ಬುಡ್ಡೀಲಿ ಇನ್ನೇನಾದ್ರೂ ಕಳುವಾಯ್ತಾ?"

"ಕಳ್ಳ ಸಿಕ್ಕಿದ. ನಿನ್ನ ಭಾವ." ಮೊಂಜಿಯಾ ನಡೆದದ್ದನ್ನೆಲ್ಲ ಹೇಳಿದಳು. ಕನ್ನಡಕದ ವಿಷಯ ಬಂದಾಗ ವಸೀಲಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಕೂಡಲೇ ಮುಖ ಮತ್ತೆ ಬಿಗಿಯಾಯಿತು.

"ನಕ್ಕೆ ಅಂತ ಹೊಟ್ಟೆಗೆ ಹಾಕ್ಕೊಂಡೆ ಅಂದ್ಕೋಬೇಡ."

"ಅಂದ್ಕೊಂಡಿಲ್ಲ. ತಪ್ಪಾಯ್ತು ವಸೀಲಾ. ಕೆಳಗೆ ಬಾ, ಹಂಡೆ ಇವತ್ತು ನೀನು ನಡೆಸು. ಯಾವಾಗ ನಿಲ್ಲಿಸ್ಬೇಕು ಅಂತ ಹೇಳ್ಕೊಡ್ತೀನಿ."

ವಸೀಲಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಇದರಲ್ಲೇನೋ ಇದೆ" ಎಂದಳು. ಆದರೂ ಇಳಿದು ಬಂದಳು.

ಉರಿ ಹಚ್ಚಿ, ಆವಿ ತಣಿದು, ಹೂನೀರು ಬಾಟಲಿಗೆ ಬೀಳತೊಡಗಿದಾಗ ಮೊಂಜಿಯಾ ಕುರ್ಚಿಯಲ್ಲಿ ಕೂತು, ಅತ್ತೆ ಕಿವಿಯಲ್ಲಿ ಹೇಳಿದ್ದನ್ನು ಜೋರಾಗಿಯೇ ಹೇಳಿದಳು: "ಹನಿ ಬೀಳೋ ಜಾಗ ನೋಡು. ಎಣ್ಣೆಯ ಸಣ್ಣ ಉಂಗುರ ಏಳುತ್ತೆ. ಅದು ಏಳೋದು ನಿಂತ ಕೂಡಲೇ ಬಾಟಲಿ ತೆಗಿ. ವಾಸನೆ ಇನ್ನೂ ಚೆನ್ನಾಗಿರುತ್ತೆ, ಅದಕ್ಕೆ ಮೋಸ ಹೋಗ್ಬೇಡ."

ಉಂಗುರ ನಿಂತಿತು. "ಈಗ, ತೆಗಿ" ಎಂದಳು ಮೊಂಜಿಯಾ. ವಸೀಲಾ ಬಗ್ಗಿ ಮೂಸಿದಳು. ಅಂಗಳವೆಲ್ಲ ಘಮಘಮ ಎನ್ನುತ್ತಿತ್ತು. 'ಬಾಟಲಿ ಇನ್ನೂ ಅರ್ಧ ಖಾಲಿ. ಇಷ್ಟು ಬೇಗ ಯಾರಾದರೂ ನಿಲ್ಲಿಸುತ್ತಾರೆಯೇ? ನನ್ನ ಮೊದಲ ಹಂಡೆಯಿಂದ ಅರ್ಧ ಬಾಟಲಿಯಷ್ಟೇ ಇಳಿಯಿತು ಎಂದು ಬೀದಿಗೆಲ್ಲ ಹೇಳಬೇಕಾಗಿದೆ ಇವಳಿಗೆ' ಎಂದುಕೊಂಡಳು.

"ತೆಗಿ ಅಂದೆನಲ್ಲೇ!"

ವಸೀಲಾ ತೆಗೆಯಲಿಲ್ಲ. ಮೊಂಜಿಯಾ ಎದ್ದು ಕೈ ಚಾಚಿದಳು, ಕೈ ಭುಜದ ಮಟ್ಟಕ್ಕೂ ಏಳಲಿಲ್ಲ. ಬಾಟಲಿ ತುಂಬುವವರೆಗೂ ನೀರು ಬಿದ್ದೇ ಬಿತ್ತು.

ಹೂನೀರಿನ ಕೇಡು ತಣಿದ ಮೇಲೆಯೇ ತಿಳಿಯುವುದು. ಮರುದಿನ ಲೆಲ್ಲಾ ಶಾಡ್ಲಿಯಾ ಬಂದಳು, ಬಿರಡೆ ತೆಗೆದು ಮೂಸಿದಳು, ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದಳು. ಅವಳ ಮುಖ ಕಿವುಚಿತು.

"ಬೇಯಿಸಿದ ಸೊಪ್ಪಿನ ನೀರಾಗಿದೆಯಲ್ಲೇ! ಇದು ಯಾರ ಕೈ?"

ನಲ್ಲಿಯ ಹತ್ತಿರ ಬಾಟಲಿ ತೊಳೆಯುತ್ತಿದ್ದ ವಸೀಲಾಳ ಕೈ ನಿಂತಿತು. ವಸೀಲಾಳ ಕೈ ಎಂದು ಒಂದು ಮಾತು ಹೇಳಿದ್ದರೆ ಮೊಂಜಿಯಾಳ ಹೆಸರು ಉಳಿಯುತ್ತಿತ್ತು. ಆ ಹೆಸರಿಗಾಗಿ ಅವಳು ಊರಿಗೆಲ್ಲ ಸುಳ್ಳು ಹೇಳಿದ್ದಳು.

"ನನ್ನದೇ" ಎಂದಳು ಮೊಂಜಿಯಾ.

"ನಿನ್ನದಾ?"

"ನನ್ನದೇ ಅಂದೆನಲ್ಲ. ಬಾಟಲಿ ಇಟ್ಟು ಹೋಗಿ ಲೆಲ್ಲಾ, ಬೇರೆ ಕೊಡ್ತೀನಿ."

ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಹರಡಿತು, ಮೊಂಜಿಯಾಳ ಕೈ ಹೋಯಿತಂತೆ ಎಂದು. ನಾವೂ ಒಂದಿಷ್ಟು ಹರಡಿದೆವು, ಸುಳ್ಳು ಯಾಕೆ ಹೇಳಲಿ.

ಶಾಡ್ಲಿಯಾ ಬಾಗಿಲು ದಾಟಿದ ಮೇಲೆ ವಸೀಲಾ ನಿಲುವಂಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಯಾಕೆ ಹಾಗಂದೆ?"

"ಬಾಯಿಗೆ ಬಂತು, ಅಂದೆ."

"ನೀನು ತೆಗಿ ಅಂದಾಗ ನಾನು ನಂಬಲಿಲ್ಲ. ಇಪ್ಪತ್ತು ವರ್ಷದಲ್ಲಿ ನೀನು ನನಗೆ ನಿಜ ಹೇಳಿದ್ದು ಅದೇ ಮೊದಲು. ನಂಬೋದು ಹೇಗೆ?"

"ಈಗಲೂ ನಂಬಬೇಡ" ಎಂದಳು ಮೊಂಜಿಯಾ. "ಇನ್ನೊಂದು ಹಂಡೆ ಹಚ್ಚು. ಉಂಗುರ ನಿಲ್ಲೋವರೆಗಿನದನ್ನ ಒಂದು ಬಾಟಲೀಲಿ ಹಿಡಿ, ಆಮೇಲಿನದನ್ನ ಇನ್ನೊಂದ್ರಲ್ಲಿ. ತಣಿದ ಮೇಲೆ ಎರಡನ್ನೂ ನೀನೇ ಮೂಸಿ ನೋಡು."

ವಸೀಲಾ ಸಾಬೂನು ಹಚ್ಚಿ ಕೈ ತೊಳೆದು, ಮೊಂಜಿಯಾಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನಳಿಕೆಯನ್ನು ಮೇಲಿನಿಂದ ಕೆಳಕ್ಕೆ ನೀವಿದಳು. ಬುಡ್ಡಿಯನ್ನು ಬೆಳಕಿಗೆ ಹಿಡಿದು ಮೊಂಜಿಯಾಳ ಮೂಗಿನ ಹತ್ತಿರಕ್ಕೇ ತಂದಳು.

"ಎಷ್ಟಿದೆ ಅಂತ ನೀನೂ ನೋಡ್ಬಿಡು. ಆಮೇಲೆ ಕದ್ದೆ ಅನ್ಬೇಡ."

"ನೀನು ನೋಡಿದ್ದೀಯಲ್ಲ" ಎಂದಳು ಮೊಂಜಿಯಾ, ಬೆಳಿಗ್ಗೆ ಹೇದಿ ತಂದು ಹರಡಿದ ಹೂವಿನಲ್ಲಿ ಎಲೆ ಆರಿಸುತ್ತಾ. "ಸಾಕು."